ಮಳೆ ಡಬ್ಬಿಯವರೆಗೆ

ರೈಟರ ಮನೆಯ ಬಾಗಿಲಿನಿಂದ ಮಳೆ ಡಬ್ಬಿಗೆ ನಲವತ್ತು ಹೆಜ್ಜೆ ಎಂದು ನಾನು ತುಂಬಾ ಜನರಿಗೆ ಹೇಳಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಒಂದೆರಡು ಸಲ ಹೇಳಿದ್ದುಂಟು. ಮೊನ್ನೆ ಮಲ್ಲಂದೂರಿಗೆ ಹೋದಾಗ ನಡೆದು ಎಣಿಸಿದೆ. ಅರವತ್ತಾರು. ಡಬ್ಬಿ ಇಡುವ ಸಿಮೆಂಟು ಕಟ್ಟೆ ಇದ್ದಲ್ಲೇ ಇದೆ, ಮನೆಯೂ ಸರಿದಿಲ್ಲ. ಸರಿದದ್ದು ನನ್ನ ನೆನಪು. ಮನುಷ್ಯನ ನೆನಪು ಎಷ್ಟರಮಟ್ಟಿಗೆ ಕೈಕೊಡುತ್ತದೆ ಎಂಬುದರ ಮೇಲೇ ಸಂಶೋಧನೆ ಮಾಡಲು ಹೊರಟು, ಅದನ್ನು ಅರ್ಧಕ್ಕೆ ಬಿಟ್ಟವನು ನಾನು. ಹೀಗಾಗಿ ಇಲ್ಲಿ ಬರೆಯುವುದನ್ನು ಪ್ರಮಾಣ ಮಾಡಿ ಹೇಳಿದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ರೈಟರು ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ಅವರ ಬಗ್ಗೆ ಬರೆಯದೆ ಇರಲು ನನಗಿದ್ದ ನೆಪಗಳೆಲ್ಲ ಮುಗಿದಿವೆ.

ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಹಿಡಿದು ದಿನದ ಕೆಲಸ ಬರೆದಿಡುವ ನೌಕರನನ್ನು ರೈಟರ್ ಎನ್ನುತ್ತಾರೆ. ಇವರು ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಆ ಕೆಲಸ ಮಾಡಿ ನಿವೃತ್ತರಾಗಿದ್ದರು. ಸಾಹುಕಾರರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವರು ರೈಟ್ರು. ಹೆಂಡತಿ ಬಹಳ ಹಿಂದೆಯೇ ಹೋಗಿದ್ದರು, ಒಬ್ಬಳೇ ಮಗಳನ್ನು ಕಳಸಕ್ಕೆ ಕೊಟ್ಟಿದ್ದರು. ನಿವೃತ್ತರಾದ ಮೇಲೂ ಸಾಹುಕಾರರು ಅವರನ್ನು ಎಸ್ಟೇಟಿನ ಚಿಕ್ಕ ಕ್ವಾರ್ಟರ್ಸಿನಲ್ಲೇ ಇರಿಸಿಕೊಂಡಿದ್ದರು. ಅವರಿಗೆ ಉಳಿದಿದ್ದ ಕೆಲಸ ಒಂದೇ, ಬೆಳಿಗ್ಗೆ ಎಂಟು ಗಂಟೆಗೆ ಹಿಂದಿನ ದಿನದ ಮಳೆ ಅಳೆಯುವುದು.

ಆ ಡಬ್ಬಿಯನ್ನು ನೋಡದವರಿಗೆ ಹೇಳಬೇಕು. ಮರದ ನೆರಳು ಬೀಳದ ಬಯಲಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ, ಅದರ ಮೇಲೆ ತಾಮ್ರದ ಕೊಳವೆ, ಬಾಯಿಗೆ ಆಲಿಕೆ, ಒಳಗೆ ಒಂದು ಬಾಟಲಿ. ಬಾಟಲಿಯಲ್ಲಿ ಕೂಡಿದ ನೀರನ್ನು ಗೆರೆ ಎಳೆದ ಗಾಜಿನ ಗ್ಲಾಸಿಗೆ ಸುರಿದು ಓದಬೇಕು. ಇಂಚಿನ ನೂರರಲ್ಲಿ ಒಂದು ಭಾಗಕ್ಕೆ ನಮ್ಮ ಕಡೆ ಸೆಂಟ್ ಎನ್ನುತ್ತಾರೆ. ಗ್ಲಾಸನ್ನು ಎಲ್ಲರೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರೆ ರೈಟರು ಅದನ್ನು ಕಟ್ಟೆಯ ಮೇಲಿಟ್ಟು ತಾವೇ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಕೈ ಅಲುಗುತ್ತದೆ, ಕಟ್ಟೆ ಅಲುಗುವುದಿಲ್ಲ ಎಂಬುದು ಅವರ ವಾದ. ಓದಿದ ಮೇಲೆ ನೀರನ್ನು ಕರಿಬೇವಿನ ಗಿಡದ ಬುಡಕ್ಕೇ ಸುರಿಯಬೇಕು. ಎದ್ದು ನಿಲ್ಲುವಾಗ ಎಡಮಂಡಿಗೆ ಕೈಕೊಟ್ಟು "ಬಾ ತಾಯಿ" ಎನ್ನುತ್ತಿದ್ದರು. ಮಂಡಿಯನ್ನು ಕರೆಯುತ್ತಿದ್ದರೋ ಇನ್ಯಾರನ್ನೋ, ನಾನು ಕೇಳಲಿಲ್ಲ.

ಅಳತೆ ಆದ ಮೇಲೆ ಫೋನು. ಕಾಫಿ ಸೀಮೆಯವರಿಗೆ ಇದು ಗೊತ್ತಿರುತ್ತದೆ. ಮಾರ್ಚಿ, ಏಪ್ರಿಲ್ಲಿನಲ್ಲಿ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ಇಲ್ಲಿನ ಮನೆಮನೆಯಲ್ಲೂ ಫೋನು ಹೊಡೆದುಕೊಳ್ಳುತ್ತದೆ. ಹಲೋ ಇಲ್ಲ, ಕ್ಷೇಮಸಮಾಚಾರ ಇಲ್ಲ. "ಎಷ್ಟಾಯ್ತು?" ಆಲ್ದೂರಿನಲ್ಲಿ ಎಂಬತ್ತು ಸೆಂಟ್ಸ್ ಬಿದ್ದಾಗ ಎರಡು ಮೈಲಿ ಆಚೆ ಹತ್ತೂ ಬಿದ್ದಿರುವುದಿಲ್ಲ. ಹೂ ಬಿಡಲು ಅಷ್ಟು ಸಾಕೋ, ಸ್ಪ್ರಿಂಕ್ಲರ್ ಹಾಕಬೇಕೋ ಎಂಬ ಲೆಕ್ಕಾಚಾರ. ಕಾಯಿ ಕಟ್ಟಿದ ಮೇಲೆ ಆ ಫೋನುಗಳು ನಿಂತುಹೋಗುತ್ತವೆ. ರೈಟರದ್ದು ಮಾತ್ರ ವರ್ಷವಿಡೀ. ಕ್ಯಾಲೆಂಡರಿನ ಹಿಂದೆ ಏಳೆಂಟು ಜನರ ಹೆಸರಿತ್ತು. ದಿನಕ್ಕೊಬ್ಬರಿಗೆ ಫೋನು. ಜನವರಿಯ ಸುಡು ಬಿಸಿಲಲ್ಲೂ "ಎಷ್ಟಾಯ್ತು?"

ಮೊದಮೊದಲು ಇದು ಅರಳುಮರಳು ಎಂದುಕೊಂಡಿದ್ದೆ. ಒಂದು ದಿನ ನನ್ನೆದುರೇ ಯಾರಿಗೋ ಫೋನು ಮಾಡಿ, ಆ ಕಡೆಯಿಂದ "ಸೊನ್ನೆ ರೈಟ್ರೇ" ಎಂದು ಬಂದ ಕೂಡಲೇ ಇವರು ಕುರ್ಚಿ ಎಳೆದುಕೊಂಡು ಕೂತರು. "ಸೊನ್ನೆ ಸರಿ, ಧ್ವನಿ ಯಾಕೆ ಹೀಗಿದೆ?" ಅರ್ಧ ಗಂಟೆ ಕೇಳಿಸಿಕೊಂಡರು. ಆ ಕಡೆಯವರು ಗಂಡನನ್ನು ಕಳೆದುಕೊಂಡ ಹೆಂಗಸು ಎಂದು ಆಮೇಲೆ ತಿಳಿಯಿತು. ಚೆನ್ನಾಗಿದ್ದೀರಾ ಎಂದು ಕೇಳಿದರೆ ಜನ ಚೆನ್ನಾಗಿದ್ದೀನಿ ಅಂದುಬಿಡ್ತಾರೆ, ಮಳೆ ಕೇಳಿದ್ರೆ ನಿಜ ಹೇಳ್ತಾರೆ ಎಂದರು ರೈಟರು.

ಇದೆಲ್ಲ ಹೇಗೆ ಶುರುವಾಯಿತು ಎಂಬುದನ್ನು ಅವರು ಮುಚ್ಚಿಟ್ಟವರಲ್ಲ. ಸರ್ವಿಸಿನ ಕೊನೆಯ ವರ್ಷಗಳಲ್ಲಿ ಒಂದು ದಿನ ಬೆಳಿಗ್ಗೆ ಹಾಜರಿಗೆ ಹೋಗಲಾಗಲಿಲ್ಲವಂತೆ. ಜ್ವರವಿಲ್ಲ, ನೋವಿಲ್ಲ, ಕಾಲು ನೆಲಕ್ಕೆ ಇಳಿಯಲಿಲ್ಲ ಅಷ್ಟೇ. ಮೂರು ವಾರ ಹಾಗೇ ಮಲಗಿದ್ದವರನ್ನು ಸಾಹುಕಾರರು ಜೀಪಿನಲ್ಲಿ ಚಿಕ್ಕಮಗಳೂರಿನ ಮನಸ್ಸಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ಒಂದೇ ಹೊತ್ತಿಗೆ ಮನೆಯಿಂದ ಹೊರಬಂದು ಮಾಡುವಂಥ ಒಂದು ಕೆಲಸ ಇಟ್ಟುಕೊಳ್ಳಿ, ಎಷ್ಟು ಸಣ್ಣದಾದರೂ ಪರವಾಗಿಲ್ಲ ಎಂದರಂತೆ. ಇವರಿಗೆ ಮಳೆ ಡಬ್ಬಿ ನೆನಪಾಯಿತು. ಅಲ್ಲಿಯವರೆಗೆ ಬಿಡುವಾದಾಗ ಯಾರಾದರೂ ನೋಡುತ್ತಿದ್ದ ಡಬ್ಬಿ ಅಂದಿನಿಂದ ಎಂಟು ಗಂಟೆಯ ಡಬ್ಬಿಯಾಯಿತು.

"ಸುಮ್ನೆ ವಾಕಿಂಗ್ ಹೋಗು ಅಂದ್ರೆ ನನ್ ಕಾಲು ಏಳಲ್ಲ ಮಾರಾಯ," ಎಂದಿದ್ದರು ನನಗೆ. "ಕೆಲಸ ಇದೆ ಅಂದ್ರೆ ಏಳುತ್ತೆ. ಮಾತ್ರೆ ಹಾಸಿಗೆಯಿಂದ ಏಳ್ಸುತ್ತೆ. ಹೊಸಲು ದಾಟ್ಸೋದು ಈ ಡಬ್ಬಿ."

ಎರಡನ್ನೂ ಅವರು ಒಂದಕ್ಕೊಂದು ಗಂಟು ಹಾಕಿದ್ದರು. ಮಾತ್ರೆಯ ಪಟ್ಟಿಯನ್ನು ಅಳತೆಯ ಗ್ಲಾಸಿನೊಳಗೇ ನಿಲ್ಲಿಸಿಡುತ್ತಿದ್ದರು. ಮಳೆ ಅಳೆಯಬೇಕಾದರೆ ಪಟ್ಟಿಯನ್ನು ಕೈಗೆತ್ತಿಕೊಳ್ಳಲೇಬೇಕು. ಎತ್ತಿಕೊಂಡ ಮೇಲೆ ನುಂಗದೆ ಇಡುವುದು ಹೇಗೆ? ಈ ಗ್ಲಾಸಿನ ವಿಷಯ ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಎರಡು ತಿಂಗಳಿಗೊಮ್ಮೆ ಡಾಕ್ಟರ ಬಳಿ ಬಸ್ಸಿನಲ್ಲಿ ಹೋಗುತ್ತಿದ್ದರು. ಬೇರೆಯವರಾದರೆ ಹಲ್ಲುನೋವು ಎನ್ನುತ್ತಿದ್ದರು. ಒಮ್ಮೆ ಅದೇ ಬಸ್ಸಿನಲ್ಲಿ ನಾನಿದ್ದೆ. ಒಬ್ಬ ಮೇಸ್ತ್ರಿ ಹಿಂದಿನ ಸೀಟಿನಿಂದ, ಎಲ್ಲಿಗೆ ಸವಾರಿ ರೈಟ್ರೇ ಎಂದು ಕೇಳಿದ.

"ತಲೆ ಡಾಕ್ಟ್ರ ಹತ್ರ. ಬರ್ತೀಯಾ? ಪಕ್ಕದಲ್ಲಿ ಸೀಟಿದೆ."

ಬಸ್ಸು ನಕ್ಕಿತು. ಮೇಸ್ತ್ರಿಯೂ ನಕ್ಕ. ಚಿಕ್ಕಮಗಳೂರಿನಲ್ಲಿ ಇಳಿಯುವ ಹೊತ್ತಿಗೆ ಅವನು ರೈಟರ ಪಕ್ಕದ ಸೀಟಿಗೆ ಬಂದು ತಗ್ಗಿದ ಧ್ವನಿಯಲ್ಲಿ ಏನೋ ಕೇಳುತ್ತಿದ್ದ. ಅದು ಅದೇ ದಿನವೋ ಇನ್ನೊಂದು ದಿನವೋ ಈಗ ಹೇಳಲಾರೆ. ಎರಡು ಪ್ರಯಾಣಗಳು ಸೇರಿ ಒಂದಾಗಿರಬಹುದು.

ಇನ್ನು ನನ್ನ ವಿಷಯ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ಸಂಶೋಧನೆಗೆ ಸೇರಿ, ನಾಲ್ಕನೆಯ ವರ್ಷ ಒಂದು ಸಾಲೂ ಬರೆಯಲಾಗದೆ ಅಕ್ಕನ ಮನೆಗೆ ಬಂದು ಬಿದ್ದಿದ್ದೆ. ಅಕ್ಕ ಮಲ್ಲಂದೂರಿನಲ್ಲಿ ಸ್ಕೂಲ್ ಟೀಚರ್. ಅವಳ ಬಾಡಿಗೆ ಮನೆಗೂ ರೈಟರ ಮನೆಗೂ ನಡುವೆ ಒಂದು ಬೇಲಿ. ನಾನು ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ. ನನ್ನ ಕಾಯಿಲೆಯ ಹೆಸರು, ಲಕ್ಷಣ, ಅದರ ಬಗೆಗಿನ ಭಿನ್ನಾಭಿಪ್ರಾಯಗಳು ಎಲ್ಲ ನನಗೆ ಬಾಯಿಪಾಠ. ಅದರಿಂದ ಒಂದು ಕಾಲೂ ನೆಲಕ್ಕಿಳಿಯಲಿಲ್ಲ.

ರೈಟರು ಬೇಲಿಯಾಚೆ ನಿಂತು ಅಕ್ಕನಿಗೆ ಹೇಳಿದರಂತೆ, ನನ್ನ ಕಣ್ಣಿಗೆ ಪೊರೆ ಬರ್ತಾ ಇದೆ ಟೀಚರ್, ಗ್ಲಾಸಿನ ಗೆರೆ ಕಾಣಲ್ಲ, ನಿಮ್ಮ ತಮ್ಮ ಎಂಟು ಗಂಟೆಗೆ ಬಂದು ಓದಿ ಹೇಳಿದ್ರೆ ಉಪಕಾರ. ಅಕ್ಕ ನನ್ನನ್ನು ಬೈದು ಕಳಿಸಿದಳು. ಹೋದೆ. ಕೂತೆ. ಓದಿದೆ. ಅವರು ಬರೆದುಕೊಂಡರು. ಸಲಹೆ, ಸಮಾಧಾನ, ಉಪದೇಶ ಏನೂ ಇಲ್ಲ. ಕಾಫಿ ಕೊಟ್ಟು, "ತಿಂಡಿ ಆಯ್ತಾ?" ಎಂದು ಕೇಳಿದರು. ಆಗಿಲ್ಲ ಎಂದರೆ, "ತಿಂಡಿ ತಿನ್ನೋಕೆ ಮುಂಚೆ ಯಾವ ತೀರ್ಮಾನಾನೂ ತಗೋಬೇಡ. ಬದುಕಿನ ತೀರ್ಮಾನ ಅಂತೂ ತಗೋಳ್ಲೇಬೇಡ."

ಎರಡು ವಾರ ಕಳೆಯಿತೋ ಇಲ್ಲವೋ, ಒಂದು ಬೆಳಿಗ್ಗೆ ಚಳಿಗೆ ಏಳಲಾರದೆ ಹಾಸಿಗೆಯಿಂದಲೇ ಕಿಟಕಿಯತ್ತ ಕೂಗಿದೆ. "ಸೊನ್ನೆ ಬರ್ಕೊಳ್ಳಿ ರೈಟ್ರೇ. ಆಕಾಶ ನೋಡಿದ್ರೆ ಗೊತ್ತಾಗಲ್ವಾ?"

ಸ್ವಲ್ಪ ಹೊತ್ತಿಗೆ ಅವರು ಗ್ಲಾಸು ಹಿಡಿದು ನನ್ನ ಮಂಚದ ಪಕ್ಕ ನಿಂತಿದ್ದರು. ತಳದಲ್ಲಿ ಒಂದು ಗೆರೆಯಷ್ಟು ನೀರು. ರಾತ್ರಿಯ ಮಂಜು ಆಲಿಕೆಯ ಮೇಲೆ ಕೂತು, ಇಳಿದು, ಬಾಟಲಿ ಸೇರಿತ್ತು.

"ಒಂದು ಸೆಂಟ್," ಎಂದರು. "ಸೊನ್ನೆನೂ ಹೋಗಿ ನೋಡಿಯೇ ಬರೀಬೇಕು ಮಾರಾಯ. ಮಲಗಿ ಬರ್ದ ಸೊನ್ನೆ ಸುಳ್ಳು."

ಮರುದಿನದಿಂದ ನಾನು ತಪ್ಪಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರು ಕನ್ನಡಕವಿಲ್ಲದೆ ಪೇಪರಿನ ಮೂಲೆಯ ಕಾಫಿ ಧಾರಣೆಯ ಸಣ್ಣಕ್ಷರ ಓದುತ್ತಿದ್ದುದನ್ನು ಕಂಡೆ. ಪೊರೆ ಎಲ್ಲಿ ಹೋಯ್ತು ರೈಟ್ರೇ ಎಂದು ಕೇಳಿದೆ. "ಬರ್ತಾ ಇದೆ ಅಂದಿದ್ದೆ, ಬಂದಿದೆ ಅಂದಿರ್ಲಿಲ್ಲ," ಎಂದು ಪುಟ ತಿರುಗಿಸಿದರು.

ಜೂನ್ ಹಿಡಿದರೆ ಆಗಸ್ಟ್ ಮುಗಿಯುವವರೆಗಿನ ದಿನಗಳಿಗೆ ಅವರು ದೊಡ್ಡ ತಿಂಗಳು ಎನ್ನುತ್ತಿದ್ದರು. ವಾರಗಟ್ಟಲೆ ಸೂರ್ಯ ಕಾಣದ ಆ ಕಾಲದಲ್ಲೇ ಮನಸ್ಸು ಜಾರುವುದು ಎಂದು ಅವರಿಗೆ ಗೊತ್ತಿತ್ತು. ಬೇರೆಯವರು ಸೌದೆ, ಉಪ್ಪಿನಕಾಯಿ ಕೂಡಿಡುವ ಹಾಗೆ ಇವರು ಮೇ ತಿಂಗಳಲ್ಲಿ ಕೆಲಸ ಕೂಡಿಡುತ್ತಿದ್ದರು. ರಿಪೇರಿಗೆ ಬಂದ ಕೊಡೆಗಳು, ಗುಂಡಿ ಹಾಕಬೇಕಾದ ಅಂಗಿಗಳು, ಮಗಳಿಗೆ ಬರೆಯಬೇಕಾದ ಕಾಗದಗಳು. ಈಗ ಮಾಡಿಬಿಡಬಹುದಲ್ಲ ಎಂದರೆ, "ಈಗ ಮಾಡಿದ್ರೆ ಜುಲೈಗೆ ಏನ್ ತಿನ್ಲಿ?" ಎನ್ನುತ್ತಿದ್ದರು. ಬಿಸಿಲಿದ್ದ ದಿನ ಹತ್ತು ನಿಮಿಷ ಬೆನ್ನು ಕಾಯಿಸಿಕೊಂಡು ಕೂರುವುದು ಕಡ್ಡಾಯ. ನನ್ನನ್ನೂ ಕೂರಿಸುತ್ತಿದ್ದರು. ಇಂಥ ಸಣ್ಣಪುಟ್ಟ ಅಭ್ಯಾಸಗಳು ಕೆಲಸ ಮಾಡುತ್ತವೆ ಎನ್ನಲು ಪುರಾವೆ ಎಷ್ಟು ಗಟ್ಟಿ ಎಂದು ನಾನು ಬೆನ್ನು ಕಾಯಿಸಿಕೊಳ್ಳುತ್ತಲೇ ವಾದಿಸುತ್ತಿದ್ದೆ. ಅವರು ಕೇಳಿಸಿಕೊಂಡು, "ಸ್ವಲ್ಪ ಎಡಕ್ಕೆ ತಿರುಗು, ಬಿಸಿಲು ಸರೀತಾ ಇದೆ," ಎನ್ನುತ್ತಿದ್ದರು.

ಒಂದೂವರೆ ವರ್ಷದಲ್ಲಿ ನಾನು ಮನುಷ್ಯನಾದೆ. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸ ಸಿಕ್ಕಿತು. ರೂಮು ಮಾಡಿಕೊಂಡು ಹೊರಟುಹೋದೆ. ಕ್ಯಾಲೆಂಡರಿನ ಹಿಂದಿನ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತು. ವಾರಕ್ಕೊಮ್ಮೆ ಎಂಟೂಕಾಲಿಗೆ ಫೋನು. ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ಒಂದು ಸಂಖ್ಯೆ ಹೇಳಿ ಇಟ್ಟುಬಿಡುತ್ತಿದ್ದೆ. ನನ್ನ ರೂಮಿನಲ್ಲಿ ಮಳೆ ಅಳೆಯುವ ಯಾವ ಡಬ್ಬಿಯೂ ಇರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಹೋದ ವರ್ಷದ ಬೇಸಿಗೆಯಲ್ಲಿ ಅವರ ಎಡಮಂಡಿ ಜೋರಾಗಿ ಕೈಕೊಟ್ಟಿತು. ಜಾರುವ ನೆಲದಲ್ಲಿ, ಸುರಿವ ಮಳೆಯಲ್ಲಿ ಈ ಮನುಷ್ಯ ಯಾವತ್ತಾದರೂ ಬೀಳುತ್ತಾರೆ ಎಂದು ಅಕ್ಕ ಫೋನಿನಲ್ಲಿ ಆತಂಕಪಟ್ಟಳು. ನನಗೊಂದು ಉಪಾಯ ಹೊಳೆಯಿತು. ಮಳೆಯನ್ನು ತಾನೇ ಅಳೆಯುವ ಒಂದು ಯಂತ್ರ ತರಿಸಿದೆ. ಹೊರಗೆ ಅದರ ಬಟ್ಟಲು, ಒಳಗೆ ಗೋಡೆಯ ಮೇಲೆ ಪುಟ್ಟ ಪರದೆ. ಕುರ್ಚಿಯಲ್ಲಿ ಕೂತೇ ಸೆಂಟ್ಸ್ ಲೆಕ್ಕ ಓದಬಹುದು. ಅದಷ್ಟೇ ಅಲ್ಲ, ಎಂಟು ಗಂಟೆಗೆ ಸರಿಯಾಗಿ ಆ ಲೆಕ್ಕ ಫೋನಿನ ಗ್ರೂಪಿಗೆ ತಾನೇ ಹೋಗುವ ಹಾಗೆ ಮಾಡಿದೆ. ಎಸ್ಟೇಟ್ ಆಫೀಸು, ಅಕ್ಕಪಕ್ಕದ ತೋಟದವರು, ಅವರ ಪಟ್ಟಿಯ ಏಳೆಂಟು ಜನ, ಎಲ್ಲರನ್ನೂ ಆ ಗ್ರೂಪಿಗೆ ಸೇರಿಸಿದೆ. ಮೇ ಕೊನೆಯ ಭಾನುವಾರ ಮಲ್ಲಂದೂರಿಗೆ ಹೋಗಿ ನನ್ನ ಕೈಯಾರೆ ಜೋಡಿಸಿದೆ.

ಯಂತ್ರಕ್ಕೂ ನೆರಳಿಲ್ಲದ ಜಾಗ ಬೇಕು. ಇದ್ದದ್ದು ಆ ಕಟ್ಟೆ ಒಂದೇ. ಹಳೆಯ ಡಬ್ಬಿಯ ನಟ್ಟು ಬಿಚ್ಚಿ ಕೆಳಗಿಳಿಸಿದೆ. ಅದನ್ನು ನೆನಪಿಗೆಂದು ನಾನು ಒಯ್ಯುತ್ತೇನೆ ಎಂದೆ. ಡಬ್ಬಿಯ ಜೊತೆ ಗ್ಲಾಸೂ ಇರಲಿ ಎಂದು ಒಳಗೆ ಹೋಗಿ, ಕಿಟಕಿಯಲ್ಲಿದ್ದ ಗ್ಲಾಸಿನಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಬೆಳ್ಳಿ ಬಣ್ಣದ ಪಟ್ಟಿ. ನಾಲ್ಕು ಗುಳಿ ಖಾಲಿ, ಆರು ತುಂಬಿದ್ದವು. ನಾಲ್ಕು, ಆರು ಎಂಬುದು ಬೇಕಾದರೆ ಸುಳ್ಳಾಗಿರಲಿ. ತೆಗೆದಿಟ್ಟ ಕೈ ನನ್ನದು.

ರೈಟರು ಏನಂದರು? ನನ್ನ ನೆನಪಿನಲ್ಲಿ ಅವರು ಪರದೆಯ ಎದುರು ನಿಂತು, "ಒಳ್ಳೇದಾಯ್ತು ಮಾರಾಯ, ಮಂಡಿಗೆ ಸುಖ," ಎಂದು ನಕ್ಕರು. ನನ್ನ ಬೆನ್ನು ತಟ್ಟಿದರು. ಅಕ್ಕ ಆ ಹೊತ್ತಿಗೆ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಹೇಳುವುದು ಬೇರೆ. ಬೆನ್ನು ತಟ್ಟಿದ್ದು ಹೌದಂತೆ. ಆದರೆ ಅದಕ್ಕೆ ಮೊದಲು ಅವರು ಒಂದು ಪ್ರಶ್ನೆ ಕೇಳಿದರಂತೆ.

"ಹಾಗಾದ್ರೆ ನಾನು ಎಂಟು ಗಂಟೆಗೆ ಎಲ್ಲಿಗೆ ಹೋಗ್ಲಿ?"

ನಾನು ಸ್ಕ್ರೂ ತಿರುಗಿಸುತ್ತ, ಎಲ್ಲಿಗೂ ಹೋಗೋದು ಬೇಡ ರೈಟ್ರೇ, ಆರಾಮಾಗಿ ಕೂತ್ಕೊಳ್ಳಿ ಎಂದೆನಂತೆ. ನನಗೆ ಆ ಪ್ರಶ್ನೆಯೂ ನೆನಪಿಲ್ಲ, ಉತ್ತರವೂ ನೆನಪಿಲ್ಲ. ನಡೆದದ್ದು ಗೊತ್ತಾದ ಮೇಲೆ ಅದಕ್ಕೆ ಒಪ್ಪುವ ಮಾತುಗಳನ್ನು ನೆನಪು ತಾನೇ ಹೆಣೆದುಕೊಳ್ಳುತ್ತದೆ ಎಂದು ನಾನು ಅಕ್ಕನಿಗೆ ವಿವರಿಸಿದೆ. ಅವಳು, "ಆಯ್ತು ಕಣೋ, ನಂದೇ ಸುಳ್ಳು," ಎಂದು ಎದ್ದು ಹೋದಳು.

ದೊಡ್ಡ ತಿಂಗಳು ಶುರುವಾಯಿತು. ಪ್ರತಿದಿನ ಎಂಟಕ್ಕೆ ನನ್ನ ಫೋನಿಗೆ ಮಲ್ಲಂದೂರಿನ ಮಳೆ ಬರುತ್ತಿತ್ತು. ಜನ ಹೆಬ್ಬೆರಳು ಎತ್ತುತ್ತಿದ್ದರು. ನನಗೆ ಹೆಮ್ಮೆ. ರೈಟರು ಮೊದಮೊದಲು ತಮ್ಮ ಪಟ್ಟಿಯವರಿಗೆ ಫೋನು ಮಾಡಿದರಂತೆ. ಎಷ್ಟಾಯ್ತು ಎಂದರೆ, ನಿಮ್ಮದು ಗ್ರೂಪಲ್ಲಿ ನೋಡಿದ್ವಲ್ಲ ರೈಟ್ರೇ, ನಮ್ಮದೂ ಅಷ್ಟೇ ಇರ್ಬೇಕು ಎನ್ನುತ್ತಿದ್ದರಂತೆ ಅವರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನನಗೂ ಒಂದು ಸಲ ಮಾಡಿದರು. ಈ ಮಾತುಕತೆಯನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಅನುಮಾನಿಸಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ.

"ಆ ಹಳೇ ಡಬ್ಬಿ ಇದ್ಯಾ ಮಾರಾಯ?"

"ಇದೆ ರೈಟ್ರೇ. ಭದ್ರವಾಗಿದೆ."

"ಗ್ಲಾಸು?"

"ಅದೂ ಇದೆ."

"ಹಾಂ. ಇರ್ಲಿ ಇರ್ಲಿ."

ಡಬ್ಬಿ ನನ್ನ ಪುಸ್ತಕದ ಕಪಾಟಿನ ಮೇಲಿತ್ತು. ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡಿ ಇದೇನು ಎಂದು ಕೇಳುತ್ತಿದ್ದರು. ಗ್ಲಾಸಿನಲ್ಲಿ ಪೆನ್ನುಗಳನ್ನು ನಿಲ್ಲಿಸಿದ್ದೆ. ಮೂವತ್ತು ವರ್ಷ ತೋಟದ ಕೆಲಸದಲ್ಲಿ ಯಾರ ಬಳಿಯೂ ಏನನ್ನೂ ಬಾಯಿಬಿಟ್ಟು ಕೇಳದ ಆ ಮನುಷ್ಯನಿಗೆ, ಕೊಟ್ಟ ಉಡುಗೊರೆಯನ್ನು ಬೇಡ ಎಂದು ನನ್ನನ್ನು ನೋಯಿಸದೆ, ತಮ್ಮ ಡಬ್ಬಿಯನ್ನು ವಾಪಸು ಕೇಳುವುದಕ್ಕೆ ಇದ್ದ ದಾರಿ ಅದೊಂದೇ. ಅವರ ಬಳಿ ಒಂದೂವರೆ ವರ್ಷ ಕಾಫಿ ಕುಡಿದವನಿಗೆ ಅಷ್ಟು ತಿಳಿಯಬೇಕಿತ್ತು. ಅವರು ಧ್ವನಿ ಕೇಳಿ ಮೋಡ ಗುರುತಿಸುತ್ತಿದ್ದರು. ನಾನು ಇದೆ, ಭದ್ರವಾಗಿದೆ ಎಂದೆ.

ಜುಲೈಯಲ್ಲಿ ರಸ್ತೆ ಕೆಟ್ಟು ಬಸ್ಸು ಸರಿಯಾಗಿ ಬರುತ್ತಿರಲಿಲ್ಲ. ಡಾಕ್ಟರ ಬಳಿ ಹೋಗುವುದನ್ನು ರೈಟರು ಮುಂದಕ್ಕೆ ಹಾಕಿದರು. ಆಗಸ್ಟಿನ ಒಂದು ದಿನ, ಮೂರು ದಿನದಿಂದ ಬಾಗಿಲು ತೆಗೆದದ್ದು ಕಾಣಲಿಲ್ಲವಲ್ಲ ಎಂದು ಅಕ್ಕ ಹೋಗಿ ನೋಡಿದಾಗ ಅವರು ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರಂತೆ. ಒಲೆ ಹಚ್ಚಿರಲಿಲ್ಲ. ಕೊಡೆಗಳು ಹಾಗೇ ಮೂಲೆಯಲ್ಲಿದ್ದವು. ಮೇಜಿನ ಮೇಲೆ ಮಾತ್ರೆಯ ಪಟ್ಟಿ, ಪೇಪರಿನ ಅಡಿಯಲ್ಲಿ. ಗೋಡೆಯ ಪರದೆ ಹಿಂದಿನ ದಿನದ ಮಳೆಯನ್ನು ಒಂದು ಸೆಂಟೂ ತಪ್ಪಿಲ್ಲದೆ ತೋರಿಸುತ್ತಿತ್ತು.

ಮಗಳು ಬಂದು ಕಳಸಕ್ಕೆ ಕರೆದುಕೊಂಡು ಹೋದಳು. ಮಾತ್ರೆ ಮತ್ತೆ ಶುರುವಾಯಿತು, ಊಟವೂ ಸ್ವಲ್ಪ ಸೇರತೊಡಗಿತು. ಅಕ್ಟೋಬರಿನಲ್ಲಿ ಹೋಗಿ ನೋಡಿದೆ. ಜಗುಲಿಯಲ್ಲಿ ಕೂತಿದ್ದರು. ಗುರುತು ಹಿಡಿದು ನಕ್ಕರು. ತಿಂಡಿ ಆಯ್ತಾ ಎಂದರು. ಮಳೆಯ ಮಾತು ಇಬ್ಬರೂ ಎತ್ತಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು ಹೋಗಬೇಕು ಎಂದು ನನಗೆ ಆಗಲೂ ಹೊಳೆದಿರಲಿಲ್ಲ. ಜನವರಿಯಲ್ಲಿ, ಬೆಳಿಗ್ಗೆ, ಹೃದಯ ನಿಂತು ಹೋದರು. ವಯಸ್ಸಾಗಿತ್ತು, ಹೃದಯ ಮೊದಲೇ ದುರ್ಬಲವಾಗಿತ್ತು ಎಂದರು ಅಲ್ಲಿನ ಡಾಕ್ಟರು.

ಇದೆಲ್ಲದಕ್ಕೂ ಕಾರಣ ಯಂತ್ರ ಎಂದು ಯಾರೂ ಹೇಳಲಾರರು. ಒಬ್ಬ ಮನುಷ್ಯನ ಕತೆಯಿಂದ ಏನೂ ಸಾಬೀತಾಗುವುದಿಲ್ಲ. ಆ ವರ್ಷ ಮಳೆ ವಿಪರೀತ, ಮಂಡಿ ಕೆಟ್ಟಿತ್ತು, ಬಸ್ಸು ಇರಲಿಲ್ಲ, ಮಾತ್ರೆ ತಪ್ಪಿತ್ತು. ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸುವುದು ಅಸಾಧ್ಯ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವುದು ಇದನ್ನೇ. ವರ್ಷವಿಡೀ ನನಗೆ ನಾನೇ ಹೇಳಿಕೊಂಡದ್ದೂ ಇದನ್ನೇ.

ಹೋದ ತಿಂಗಳು ಕಳಸದಿಂದ ಅವರ ಮಗಳು ಒಂದು ನೋಟ್ ಬುಕ್ ಕಳಿಸಿಕೊಟ್ಟಳು. ಮಳೆಯ ಲೆಕ್ಕ ನಿಮಗೆ ಉಪಯೋಗವಾಗಬಹುದು ಎಂದು ಒಂದು ಸಾಲು ಬರೆದಿದ್ದಳು. ಪುಟ ತೆರೆದು ನೋಡದೆ ಕಳಿಸಿದಳೋ, ಓದಿಯೇ ಕಳಿಸಿದಳೋ, ಕೇಳುವ ಧೈರ್ಯ ನನಗಿಲ್ಲ.

ಪುಟಕ್ಕೆ ಮೂರು ಅಂಕಣ. ತಾರೀಖು, ಮಳೆ, ಅಂದು ಯಾರಿಗೆ ಫೋನು ಮಾಡಿದರೋ ಅವರ ಹೆಸರು. ನಾನು ಬಂದು ಗೆರೆ ಓದತೊಡಗಿದ ದಿನ ಮಳೆಯ ಪಕ್ಕದಲ್ಲಿ ಸಣ್ಣದಾಗಿ 'ಬಂದ' ಎಂದಿದೆ. ಹಾಸಿಗೆಯಿಂದ ಕೂಗಿದ ದಿನ 'ಒಂದು ಸೆಂಟ್'. ಮೇ ಕೊನೆಯ ಭಾನುವಾರವನ್ನು ಹುಡುಕಿದೆ. ನನಗೆ ಬೇಕಾಗಿದ್ದದ್ದು ಅದು, ಅಕ್ಕನ ಮಾತಿಗೋ ನನ್ನ ಮಾತಿಗೋ ಒಂದು ಸಾಕ್ಷಿ. ಅಲ್ಲಿ 'ಹೊಸ ಯಂತ್ರ' ಎಂದಷ್ಟೇ ಇತ್ತು. ಪ್ರಶ್ನೆ ಇರಲಿಲ್ಲ.

ಪುಟ ತಿರುಗಿಸಿದೆ. ಮರುದಿನದಿಂದ ಮಳೆಯ ಅಂಕಣ ಖಾಲಿ. ಹೆಸರಿನ ಅಂಕಣದಲ್ಲಿ ಹತ್ತು ಹನ್ನೆರಡು ದಿನ ಹೆಸರುಗಳಿವೆ, ಆಮೇಲೆ ಅದೂ ಖಾಲಿ. ತಾರೀಖು ಮಾತ್ರ ಒಂದೂ ಬಿಟ್ಟಿಲ್ಲ. ಪ್ರತಿ ತಾರೀಖಿನ ಎದುರು ಅದೇ ದುಂಡು ಅಕ್ಷರದಲ್ಲಿ ಒಂದು ಮಾತು.

ಎಂಟು ಗಂಟೆ. ಬಾಗಿಲವರೆಗೆ.

ಎಂಟು ಗಂಟೆ. ಬಾಗಿಲವರೆಗೆ.

ಎಂಟು ಗಂಟೆ. ಬಾಗಿಲವರೆಗೆ.

ಜೂನ್ ತಿಂಗಳು ಪೂರ್ತಿ. ಜುಲೈಯಲ್ಲಿ ಎರಡು ವಾರ. ಆಮೇಲೆ 'ಬಾಗಿಲವರೆಗೆ' ಎಂಬುದೂ ಹೋಗಿ ಬರೀ 'ಎಂಟು ಗಂಟೆ'. ಆಮೇಲೆ ಪುಟಗಳು ಬಿಳಿ.

ಅಕ್ಕ ನಿಜ ಹೇಳಿದ್ದಳೋ ಸುಳ್ಳೋ ಎಂಬ ವ್ಯಾಜ್ಯ ಅಲ್ಲಿಗೆ ಮುಗಿಯಿತು. ಕೇಳಿದರೋ ಬಿಟ್ಟರೋ, ಪ್ರಶ್ನೆ ಇತ್ತು. ಒಂದೂವರೆ ತಿಂಗಳು ಆ ಮನುಷ್ಯ ದಿನಾ ಹೊಸಲಿನವರೆಗೆ ಬಂದು, ಮುಂದೆ ಹೋಗಲು ಕೆಲಸವಿಲ್ಲದೆ ವಾಪಸು ಹೋಗಿದ್ದರು.

ಮೊನ್ನೆ ನಾಲ್ಕು ದಿನ ರಜೆ ಹಾಕಿ ಡಬ್ಬಿ, ಗ್ಲಾಸು ಎರಡನ್ನೂ ಮಲ್ಲಂದೂರಿಗೆ ಒಯ್ದೆ. ಕಾಫಿ ಕೊಯ್ಲಿನ ಕಾಲ, ರೈಟರ ಮನೆಗೆ ಇನ್ನೂ ಬೇರೆ ಯಾರೂ ಬಂದಿರಲಿಲ್ಲ. ಯಂತ್ರವನ್ನು ಬಿಚ್ಚಿದೆ. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿರಬೇಕು, ಗ್ರೂಪಿನಲ್ಲಿ ಯಾರೂ ಕೇಳಿರಲಿಲ್ಲ. ಡಬ್ಬಿಯ ಧೂಳು ಒರೆಸಿ, ಬಾಟಲಿ ತೊಳೆದು, ಹಳೆಯ ನಟ್ಟು ಹಾಕಿ ಕೂರಿಸಿದೆ.

ಮರುದಿನ ಎಂಟಕ್ಕೆ ಅವರ ಬಾಗಿಲಿನಿಂದ ಹೊರಟೆ. ಅರವತ್ತಾರು ಹೆಜ್ಜೆ ಲೆಕ್ಕ ಸಿಕ್ಕಿದ್ದು ಆಗಲೇ. ಆಕಾಶ ನೀಲಿ. ಬೇಲಿಯಾಚೆಯಿಂದ ಅಕ್ಕ, "ಸೊನ್ನೆ ಅಂತ ಇಲ್ಲಿಂದ್ಲೇ ಗೊತ್ತಾಗುತ್ತಲ್ಲೋ," ಎಂದಳು. ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಬಾಟಲಿ ಬಗ್ಗಿಸಿದೆ. ಕುಕ್ಕರುಗಾಲಲ್ಲಿ ಕೂತೆ. ತಳದಲ್ಲಿ ಒಂದು ಗೆರೆಯಷ್ಟು ನೀರಿತ್ತು.

ರಾತ್ರಿಯ ಮಂಜಿರಬಹುದು. ಹಿಂದಿನ ಸಂಜೆ ನಾನೇ ತೊಳೆದಾಗ ಉಳಿದ ನೀರೂ ಇರಬಹುದು. ಚೆನ್ನಾಗಿ ಒರೆಸಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಒರೆಸಿದ್ದೆ ಎಂದೂ ಅನ್ನಿಸಿತು, ಇಲ್ಲ ಎಂದೂ ಅನ್ನಿಸಿತು. ಗ್ಲಾಸಿನ ನೀರನ್ನು ಕರಿಬೇವಿನ ಬುಡಕ್ಕೆ ಸುರಿದೆ. ನೋಟ್ ಬುಕ್ಕಿನಲ್ಲಿ ತಾರೀಖು ಹಾಕಿ ಮಳೆಯ ಅಂಕಣವನ್ನು ಖಾಲಿ ಬಿಟ್ಟೆ. ಮಂಜೋ ಅಲ್ಲವೋ ತಿಳಿಯಬೇಕಾದರೆ ನಾಳೆ ಎಂಟು ಗಂಟೆಗೆ ಮತ್ತೆ ಬಂದು ನೋಡಬೇಕು.

ಅವರಿಗೆ ಬೇಕಾಗಿದ್ದದ್ದು ಇಷ್ಟೇ.